ಅಹಿಫೇನವ್ಯಸನದಲ್ಲಿ ತ್ಯಾಗಕ್ರಮವೂ ಧಾರಣಕ್ರಮವೂ

೧. ವಿಷಯಪ್ರವೇಶ

ಅಫೀಮಿಗೂ ಅದರಿಂದ ತೆಗೆದ ಅಥವಾ ಅದಕ್ಕೆ ಸಮಾನಗುಣವುಳ್ಳ ಮದ್ದುಗಳಿಗೂ ವಶರಾದವರನ್ನು ಉಪಚರಿಸುವುದರಲ್ಲಿ ಈಗ ಎರಡು ಕ್ರಮಗಳು ರೂಢಿಯಲ್ಲಿವೆ. ರೋಗಿಯನ್ನು ಕೆಲವು ದಿನ ಅಥವಾ ಕೆಲವು ವಾರ ವೈದ್ಯರ ಕಣ್ಗಾವಲಿನಲ್ಲಿಟ್ಟು, ಮದ್ದನ್ನು ಇಳಿಸುತ್ತ ಬಂದು, ಬಿಟ್ಟಾಗ ತಲೆದೋರುವ ಬಾಧೆಗಳನ್ನು ಶಮನಗೊಳಿಸಿ, ದೇಹವನ್ನು ಅದರಿಂದ ಬರಿದುಮಾಡಿ ಕಳುಹಿಸುವುದು ಮೊದಲನೆಯದು. ಇದಕ್ಕೆ ವೈದ್ಯರು ಡಿಟಾಕ್ಸಿಫಿಕೇಷನ್ ಎನ್ನುವರು. ಬ್ಯುಪ್ರೆನಾರ್ಫಿನ್, ಮೆಥಡೋನ್ ಮುಂತಾದ, ಅದೇ ಜಾತಿಗೆ ಸೇರಿದರೂ ನಿಧಾನವಾಗಿಯೂ ಸಮವಾಗಿಯೂ ವರ್ತಿಸುವ ಔಷಧವನ್ನು ಪ್ರತಿದಿನವೂ ನಿಯತಪ್ರಮಾಣದಲ್ಲಿ ವರ್ಷಗಟ್ಟಲೆ ಕೊಡುತ್ತ, ರೋಗಿಯು ತನ್ನ ಕೆಲಸಕಾರ್ಯಗಳಲ್ಲಿ ನೆಲೆನಿಲ್ಲುವಂತೆ ಮಾಡುವುದು ಎರಡನೆಯದು. ಪ್ರಕೃತ ಲೇಖನದಲ್ಲಿ ಮೊದಲನೆಯದನ್ನು ತ್ಯಾಗಕ್ರಮವೆಂದೂ ಎರಡನೆಯದನ್ನು ಧಾರಣಕ್ರಮವೆಂದೂ ಕರೆಯುತ್ತೇನೆ. ‘ಧಾರಣ’ವೆಂಬ ಮಾತನ್ನು ಆರಿಸಿದ ಕಾರಣವು ಮುಂದೆ ವ್ಯಕ್ತವಾಗುವುದು.

ಇದು ವೈದ್ಯರ ವಿಷಯ. ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನಿಗೆ ಇದರಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ನಾನಾಗಿ ಇದರಲ್ಲಿ ಪ್ರವೇಶಿಸಿದವನಲ್ಲ. ಕೆಲವು ವರ್ಷಗಳ ಹಿಂದೆ ಚಾಮರಾಜಪೇಟೆಯ ಪರಿಚಿತ ಗೃಹಸ್ಥರೊಬ್ಬರು ನನ್ನಲ್ಲಿಗೆ ಬಂದು ಒಂದು ಪ್ರಶ್ನೆಯನ್ನು ಕೇಳಿದರು. ಅವರ ಸೋದರಳಿಯನು ಕಾಲು ಮುರಿದಾಗ ಕೊಟ್ಟ ನೋವಿನ ಮಾತ್ರೆಗಳಿಂದ ಆರಂಭಿಸಿ ಈ ವ್ಯಸನಕ್ಕೆ ಸಿಕ್ಕಿದ್ದನು. ಆಮೇಲೆ ವೈದ್ಯರು ಕೊಟ್ಟ ಮಾತ್ರೆಯನ್ನು ಪ್ರತಿದಿನ ಬೆಳಗ್ಗೆ ನಾಲಗೆಯ ಕೆಳಗಿಟ್ಟುಕೊಂಡು, ಎರಡು ವರ್ಷಗಳಿಂದ ತಪ್ಪದೆ ಉದ್ಯೋಗಕ್ಕೆ ಹೋಗುತ್ತಿದ್ದನು. ತಂದೆಯ ಆಬ್ದಿಕವು ಸಮೀಪಿಸಿದಾಗ ಮನೆಯ ಹಿರಿಯರು, ಅಮಲಿನ ಮಾತ್ರೆಯನ್ನು ತೆಗೆದುಕೊಳ್ಳುವವನು ಶ್ರಾದ್ಧಕ್ಕೆ ಅಧಿಕಾರಿಯೇ ಎಂದು ಆಕ್ಷೇಪಿಸಿದರು. ಶಾಸ್ತ್ರವೇನು ಹೇಳುತ್ತದೆ ಎಂಬುದು ಪ್ರಶ್ನೆ. ನಾನು ವಾಗ್ಭಟನನ್ನು ಉದಾಹರಿಸಿ, ಅಭ್ಯಾಸವಾದ ಅಹಿತವನ್ನು ಕಾಲುಕಾಲು ಭಾಗವಾಗಿ ಬಿಡುವುದೇ ಕ್ರಮ, ಹಾಗೆ ಬಿಟ್ಟ ಮೇಲೆ ಕರ್ಮಕ್ಕೆ ಕುಳಿತುಕೊಳ್ಳಲಿ ಎಂದು ಹೇಳಿ ಕಳುಹಿಸಿದೆನು. ಹುಡುಗನು ವೈದ್ಯರನ್ನು ಕೇಳದೆಯೇ ಮಾತ್ರೆಯನ್ನು ಬಿಟ್ಟನು. ಶ್ರಾದ್ಧವು ಯಥಾವಿಧಿಯಾಗಿ ನಡೆಯಿತು. ಮೂರನೆಯ ತಿಂಗಳಿನಲ್ಲಿ ಅವನು ಹಳೆಯ ಮದ್ದನ್ನು ಹಳೆಯ ಪ್ರಮಾಣದಲ್ಲಿಯೇ ತೆಗೆದುಕೊಂಡು, ತನ್ನ ಕೋಣೆಯಲ್ಲಿ ಉಸಿರು ನಿಲ್ಲುವ ಸ್ಥಿತಿಯಲ್ಲಿ ಬಿದ್ದಿದ್ದನು. ಆಸ್ಪತ್ರೆಯವರು ಅವನನ್ನು ಉಳಿಸಿದರು. ನನ್ನ ಉತ್ತರವು ಅವನನ್ನು ಉಳಿಸುವುದರ ಬದಲು ಅಲ್ಲಿಗೆ ಕೊಂಡೊಯ್ದಿತ್ತು. ನಾನು ಹೇಳಿದ ವಾಕ್ಯವು ಗ್ರಂಥದಲ್ಲಿ ಇದ್ದೇ ಇದೆ; ಆದರೆ ಗ್ರಂಥದಲ್ಲಿ ಅದೊಂದೇ ಇಲ್ಲವೆಂಬುದನ್ನು ನಾನು ಪರಿಶೀಲಿಸಿರಲಿಲ್ಲ. ಆ ಪರಿಶೀಲನೆಯೇ ಈ ಲೇಖನ.

೨. ಶಬ್ದವಿಚಾರ

ಗ್ರೀಕರು ಗಸಗಸೆ ಗಿಡದ ಕಾಯಿಯ ರಸವನ್ನು ‘ಓಪಿಯಾನ್’ ಎಂದು ಕರೆದರು. ರಸವೆಂಬುದೇ ಆ ಶಬ್ದದ ಮೂಲಾರ್ಥ. ಅದು ಅರಬ್ಬೀ ಭಾಷೆಯಲ್ಲಿ ‘ಅಫ್ಯೂನ್’ ಆಗಿ, ಪಾರಸಿಯ ಮೂಲಕ ನಮ್ಮ ದೇಶಭಾಷೆಗಳಿಗೆ ಬಂದು, ಕನ್ನಡದಲ್ಲಿ ಅಫೀಮು ಎಂದಾಯಿತು. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಇದಕ್ಕೆ ಅಹಿಫೇನ, ನಾಗಫೇನ, ಆಫೂಕ ಎಂಬ ಹೆಸರುಗಳು ಕಾಣುತ್ತವೆ. ಅಹಿಫೇನವೆಂದರೆ ಹಾವಿನ ನೊರೆ. ಪರಭಾಷೆಯ ಶಬ್ದಕ್ಕೆ ಸಂಸ್ಕೃತದ ಉಡುಗೆಯನ್ನು ತೊಡಿಸಿದಾಗ ಹುಟ್ಟಿದ ರೂಪವಿದೆಂದು ವಿದ್ವಾಂಸರು ಭಾವಿಸುವರು. ಅದು ಸರಿಯೆಂದೇ ತೋರುತ್ತದೆ. ಏಕೆಂದರೆ ಚರಕ, ಸುಶ್ರುತ, ವಾಗ್ಭಟ ಈ ಬೃಹತ್ತ್ರಯಿಯಲ್ಲಿ ಅಹಿಫೇನದ ಪ್ರಸ್ತಾಪವೇ ಇಲ್ಲ. ಮಧ್ಯಯುಗದ ಗ್ರಂಥಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಶಾರ್ಙ್ಗಧರಸಂಹಿತೆಯು ‘ವ್ಯವಾಯಿ’ ಎಂಬ ದ್ರವ್ಯಗುಣವನ್ನು ವಿವರಿಸುವಾಗ, ಮೊದಲು ದೇಹವನ್ನೆಲ್ಲ ವ್ಯಾಪಿಸಿ ಆಮೇಲೆ ಪಾಕಹೊಂದುವ ದ್ರವ್ಯಗಳಿಗೆ ಭಂಗಿಯನ್ನೂ ಅಹಿಫೇನವನ್ನೂ ಉದಾಹರಣೆಯಾಗಿ ಕೊಡುತ್ತದೆ. ೧೬ನೆಯ ಶತಮಾನದ ಭಾವಪ್ರಕಾಶದಲ್ಲಿ ಅದರ ಗುಣದೋಷಗಳು ಉಕ್ತವಾಗಿವೆ. ನಮ್ಮ ಮನೆಗಳಲ್ಲಿ ಪಾಯಸಕ್ಕೆ ಅರೆಯುವ ಗಸಗಸೆಯು ಅದೇ ಗಿಡದ ಬೀಜವಾದರೂ, ಮಾದಕವಾದ ರಸವು ಎಳೆಯ ಕಾಯಿಯನ್ನು ಗೀರಿದಾಗ ಒಸರತಕ್ಕದ್ದು.

ಕನ್ನಡದ ‘ಅಮಲು’ ಶಬ್ದವೂ ವಿಚಾರಯೋಗ್ಯವಾಗಿದೆ. ಅರಬ್ಬೀ ಮೂಲದ ಈ ಶಬ್ದಕ್ಕೆ ಕಾರ್ಯ, ಪ್ರಭಾವ, ಅಧಿಕಾರ ಎಂಬ ಅರ್ಥಗಳುಂಟು. ತಾಲ್ಲೂಕನ್ನಾಳಿದ ಅಮಲ್ದಾರನೂ, ತಲೆಗೇರುವ ಅಮಲೂ ಒಂದೇ ಮೂಲದವು. ಮದ್ದು ಮನುಷ್ಯನ ಮೇಲೆ ನಡೆಸುವ ಅಧಿಕಾರವೇ ಅಮಲು.

ಇವೆರಡಕ್ಕಿಂತಲೂ ಮುಖ್ಯವಾದುದು ‘ವ್ಯಸನ’ವೆಂಬ ಶಬ್ದ. ಅಮರಸಿಂಹನು ಇದಕ್ಕೆ ವಿಪತ್ತು, ಭ್ರಂಶ, ಕಾಮಕೋಪಗಳಿಂದ ಹುಟ್ಟುವ ದೋಷ ಎಂದು ಅರ್ಥಗಳನ್ನು ಕೊಟ್ಟಿರುವನು. ಕೌಟಿಲ್ಯನು ಶ್ರೇಯಸ್ಸಿನಿಂದ ದೂರಕ್ಕೆ ಎಸೆಯುವುದೇ ವ್ಯಸನವೆಂದು ನಿರ್ವಚಿಸಿ, ತನ್ನ ಎಂಟನೆಯ ಅಧಿಕರಣದಲ್ಲಿ ರಾಜ್ಯಕ್ಕೆ ಒದಗುವ ಅನಾವೃಷ್ಟಿ, ಅಗ್ನಿ, ಪ್ರವಾಹಾದಿಗಳನ್ನೂ ರಾಜನ ದ್ಯೂತಪಾನಾದಿಗಳನ್ನೂ ಒಂದೇ ಹೆಸರಿನ ಕೆಳಗೆ ವಿಚಾರಿಸಿರುವನು. ಆದುದರಿಂದ ವ್ಯಸನವೆಂಬುದು ಮನುಷ್ಯನು ಮಾಡಿದ ತಪ್ಪೂ ಹೌದು, ಮನುಷ್ಯನಿಗೆ ಬಂದ ಆಪತ್ತೂ ಹೌದು. ಈಗಿನ ಕನ್ನಡದಲ್ಲಿ ಚಟವೆಂಬ ಮೊದಲನೆಯ ಅರ್ಥವೇ ಮುಂದಾಗಿ ನಿಂತಿದೆ. ತಪ್ಪೆಂದು ಬಗೆದವನಿಗೆ ತ್ಯಾಗವೊಂದೇ ಪರಿಹಾರವಾಗಿ ಕಾಣುವುದು. ಆಪತ್ತೆಂದು ಬಗೆದವನು ರಕ್ಷಣೆಯನ್ನು ಮೊದಲು ಯೋಚಿಸುವನು. ಎರಡು ಕ್ರಮಗಳ ನಡುವಣ ವಿವಾದದ ಬೇರು ಇಲ್ಲಿದೆ.

೩. ಆಯುರ್ವೇದದ ನಾಲ್ಕು ವಾಕ್ಯಗಳು

ಬೃಹತ್ತ್ರಯಿಯು ಅಹಿಫೇನವನ್ನು ಅರಿಯದೆಂದು ಮೇಲೆ ಹೇಳಿದೆ. ಆದುದರಿಂದ ಈಗಿನ ಚಿಕಿತ್ಸೆಯೆಲ್ಲವೂ ನಮ್ಮ ಪೂರ್ವಿಕರಿಗೆ ಗೊತ್ತಿತ್ತೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಆದರೆ ಅಭ್ಯಾಸವು ದೇಹವನ್ನು ಹೇಗೆ ಮಾರ್ಪಡಿಸುತ್ತದೆಂಬುದನ್ನು ಅವರು ಮದ್ಯದಲ್ಲಿಯೂ ಆಹಾರದಲ್ಲಿಯೂ ಕಂಡು ಬರೆದಿದ್ದಾರೆ. ಅವುಗಳಲ್ಲಿ ನಾಲ್ಕು ವಾಕ್ಯಗಳು ಪ್ರಕೃತಕ್ಕೆ ಉಪಯುಕ್ತವಾಗಿವೆ.

ಮೊದಲನೆಯದು ಪಾದಾಂಶಿಕಕ್ರಮ. ಚರಕಸಂಹಿತೆಯ ಸೂತ್ರಸ್ಥಾನದ ೭ನೆಯ ಅಧ್ಯಾಯದಲ್ಲಿಯೂ ಅಷ್ಟಾಂಗಹೃದಯದ ಸೂತ್ರಸ್ಥಾನದ ೭ನೆಯ ಅಧ್ಯಾಯದಲ್ಲಿಯೂ ಇದು ಹೇಳಲ್ಪಟ್ಟಿದೆ. ಅಭ್ಯಾಸವಾದ ಅಪಥ್ಯವನ್ನು ಕಾಲುಭಾಗದಂತೆ, ಅಥವಾ ಕಾಲಿನ ಕಾಲುಭಾಗದಂತೆ, ನಡುನಡುವೆ ಒಂದೆರಡು ಮೂರು ದಿನಗಳ ಅಂತರವನ್ನಿಟ್ಟು ಬಿಡಬೇಕು. ಅದರ ಸ್ಥಾನದಲ್ಲಿ ಪಥ್ಯವನ್ನು ಅದೇ ಪ್ರಮಾಣದಲ್ಲಿ ಏರಿಸುತ್ತ ಬರಬೇಕು. ಅಪಥ್ಯವನ್ನೇ ಆದರೂ ಥಟ್ಟನೆ ಬಿಟ್ಟರೆ ವಿಕಾರಗಳು ಹುಟ್ಟುವುವೆಂದು ವಾಗ್ಭಟನು ಎಚ್ಚರಿಸುವನು. ಕ್ರಮವಾಗಿ ಕುಗ್ಗಿಸಿದ ದೋಷಗಳು ಮರಳಿ ಹುಟ್ಟುವುದಿಲ್ಲವೆಂದು ಚರಕನ ಆಶ್ವಾಸನೆ. ತ್ಯಾಗಕ್ರಮಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣವಿಲ್ಲ; ನಾನು ಗೃಹಸ್ಥರಿಗೆ ಹೇಳಿದುದೂ ಇದನ್ನೇ. ಆದರೆ ಇಲ್ಲಿ ಎರಡು ಅಂಗಗಳಿವೆ: ಅಹಿತದ ಇಳಿತ ಮತ್ತು ಹಿತದ ಏರಿಕೆ. ಎರಡನೆಯದಿಲ್ಲದ ಮೊದಲನೆಯದು ಪಾದಾಂಶಿಕಕ್ರಮವೇ ಅಲ್ಲ.

ಎರಡನೆಯದು ಚರಕನ ಚಿಕಿತ್ಸಾಸ್ಥಾನದ ೨೪ನೆಯ ಅಧ್ಯಾಯವಾದ ಮದಾತ್ಯಯಚಿಕಿತ್ಸಿತದಲ್ಲಿದೆ. ತಪ್ಪಾಗಿ, ಅತಿಯಾಗಿ ಅಥವಾ ಹೀನವಾಗಿ ಕುಡಿದ ಮದ್ಯದಿಂದ ಹುಟ್ಟಿದ ವ್ಯಾಧಿಯು, ಸಮಪ್ರಮಾಣದಲ್ಲಿ ಕುಡಿದ ಅದೇ ಮದ್ಯದಿಂದ ಶಮನವಾಗುತ್ತದೆಂದು ಅಲ್ಲಿ ಹೇಳಿದೆ. ರೋಗಹೇತುವಿನ ಜಾತಿಗೆ ಸೇರಿದ ದ್ರವ್ಯವನ್ನೇ ವೈದ್ಯನ ಕೈಯಿಂದ, ಅಳತೆಯಿಂದ ಕೊಡುವುದು ರೋಗವನ್ನು ಪೋಷಿಸುವುದಲ್ಲವೆಂಬ ತತ್ತ್ವವು ಇದರಲ್ಲಿ ಅಡಗಿದೆ.

ಮೂರನೆಯದೂ ಅದೇ ಅಧ್ಯಾಯದ್ದು; ಇದನ್ನು ನಾನು ಹಿಂದೆ ಓದಿದ್ದರೂ ಲಕ್ಷ್ಯವಿಟ್ಟಿರಲಿಲ್ಲ. ಮದ್ಯವನ್ನು ಬಿಟ್ಟಿದ್ದವನು ಮತ್ತೆ ಥಟ್ಟನೆ ಅತಿಯಾಗಿ ಸೇವಿಸಿದರೆ ಧ್ವಂಸಕ, ವಿಕ್ಷಯ ಎಂಬ ಎರಡು ವ್ಯಾಧಿಗಳು ಉಂಟಾಗುವುವು. ಕ್ಷೀಣದೇಹನಾದ ಅವನಿಗೆ ಚಿಕಿತ್ಸೆಯೂ ಕಷ್ಟಸಾಧ್ಯ. ಧ್ವಂಸಕದ ಲಕ್ಷಣಗಳಲ್ಲಿ ತಂದ್ರೆ, ನಿದ್ರೆಗಳ ಆಧಿಕ್ಯವೂ ಎಣಿಸಲ್ಪಟ್ಟಿದೆ. ಬಿಟ್ಟವನಿಗೆ ಬಿಡದವನಿಗಿಂತ ಹೆಚ್ಚಿನ ಅಪಾಯವಿರುವ ಒಂದು ಸಂಧಿಕಾಲವುಂಟು ಎಂಬುದನ್ನು ಮದ್ಯದ ವಿಷಯದಲ್ಲಿ ಚರಕನು ಕಂಡಿದ್ದನು. ಅಫೀಮಿನ ಜಾತಿಯಲ್ಲಿ ಈ ಸಂಧಿಕಾಲವು ಇನ್ನೂ ಘೋರವಾದುದೆಂಬುದನ್ನು ಮುಂದೆ ನೋಡುವೆವು.

ನಾಲ್ಕನೆಯದು ಯಾಪ್ಯವೆಂಬ ಪರಿಭಾಷೆ. ವ್ಯಾಧಿಗಳು ಸಾಧ್ಯ, ಯಾಪ್ಯ, ಅಸಾಧ್ಯವೆಂದು ವಿಭಕ್ತವಾಗಿವೆ. ಚಿಕಿತ್ಸೆಯು ನಡೆಯುತ್ತಿರುವವರೆಗೆ ಅಡಗಿದ್ದು, ನಿಂತೊಡನೆ ಮರುಕಳಿಸತಕ್ಕದ್ದು ಯಾಪ್ಯ. ಪಿತ್ತಜವಾದ ಪ್ರಮೇಹಗಳನ್ನು ಇದರಲ್ಲಿ ಸೇರಿಸಿದ್ದಾರೆ. ಸುಶ್ರುತನು ಸೂತ್ರಸ್ಥಾನದ ೨೩ನೆಯ ಅಧ್ಯಾಯದಲ್ಲಿ ಇದಕ್ಕೊಂದು ಉಪಮಾನವನ್ನು ಕೊಟ್ಟಿರುವನು: ಬೀಳಲಿರುವ ಮನೆಯನ್ನು ಚೆನ್ನಾಗಿ ಕೊಟ್ಟ ಊರೆಗಂಬವು ಹೇಗೆ ಹಿಡಿದು ನಿಲ್ಲಿಸುವುದೋ ಹಾಗೆ ತಕ್ಕ ಚಿಕಿತ್ಸೆಯು ಯಾಪ್ಯರೋಗಿಯನ್ನು ಧಾರಣಮಾಡುತ್ತದೆ. ಅಲ್ಲಿ ಬಂದಿರುವ ‘ಧಾರಣ’ವನ್ನೇ ನಾನು ಈ ಲೇಖನದ ಹೆಸರಿಗೆ ತೆಗೆದುಕೊಂಡಿದ್ದೇನೆ. ಊರೆಗಂಬವನ್ನು ಕೊಟ್ಟವನಿಗೆ ಮನೆಯನ್ನು ಕಟ್ಟಲು ಬಾರದೆಂದು ಯಾರೂ ಹಳಿಯುವುದಿಲ್ಲ. ಕಂಬವಿದ್ದ ಮಾತ್ರಕ್ಕೆ ಅದು ಮನೆಯಲ್ಲವೆಂದೂ ಹೇಳುವುದಿಲ್ಲ.

ಹೀಗೆ ಶಾಸ್ತ್ರದಲ್ಲಿ ಎರಡು ಕ್ರಮಗಳಿಗೂ ಆಧಾರವುಂಟು. ಯಾವುದು ಯಾರಿಗೆ ಎಂಬುದು ವ್ಯಾಧಿಯು ಸಾಧ್ಯವೋ ಯಾಪ್ಯವೋ ಎಂಬುದರ ನಿರ್ಣಯವನ್ನು ಅವಲಂಬಿಸಿದೆ. ಆ ನಿರ್ಣಯವು ಪುಸ್ತಕದಿಂದ ಆಗತಕ್ಕದ್ದಲ್ಲ, ಪ್ರತ್ಯಕ್ಷದಿಂದ ಆಗತಕ್ಕದ್ದು.

೪. ರಾಜ್ಯಶಾಸನದಲ್ಲಿ ಪಾದಾಂಶಿಕಕ್ರಮ

ಹಿಂದಿನ ಶತಮಾನಗಳಲ್ಲಿ ಅಫೀಮು ನಮ್ಮ ದೇಶದಲ್ಲಿ ಗುಟ್ಟಿನ ವಸ್ತುವಾಗಿರಲಿಲ್ಲ. ೧೮೭೮ರ ಅಫೀಮು ಕಾಯಿದೆಯ ಮೇರೆಗೆ ಬ್ರಿಟಿಷ್ ಇಂಡಿಯಾದಲ್ಲಿ ಅದರ ಬೆಳೆ, ತಯಾರಿಕೆ, ಮಾರಾಟಗಳು ಸರ್ಕಾರದ ಪರವಾನಗಿಗೆ ಒಳಪಟ್ಟಿದ್ದುವು. ಮೈಸೂರು ಸಂಸ್ಥಾನದಲ್ಲಿಯೂ ಅಫೀಮು, ಗಾಂಜಾಗಳು ಅಬಕಾರಿಯ ಬಾಬುಗಳಾಗಿದ್ದುವು. ೧೮೯೩ರಲ್ಲಿ ಬ್ರಾಸಿ ಪ್ರಭುವಿನ ಅಧ್ಯಕ್ಷತೆಯಲ್ಲಿ ನೇಮಕವಾದ ರಾಯಲ್ ಕಮಿಷನ್ನು ೧೮೯೫ರಲ್ಲಿ ವರದಿಯನ್ನು ಒಪ್ಪಿಸಿ, ಈ ದೇಶದಲ್ಲಿ ಮಿತವಾದ ಅಫೀಮುಸೇವನೆಯು ನಿಷೇಧಿಸತಕ್ಕಷ್ಟು ಅನರ್ಥಕರವಲ್ಲವೆಂದು ಅಭಿಪ್ರಾಯಪಟ್ಟಿತು. ಸದಸ್ಯನಾದ ಹೆನ್ರಿ ವಿಲ್ಸನ್ನನು ಇದನ್ನೊಪ್ಪದೆ ಭಿನ್ನಾಭಿಪ್ರಾಯವನ್ನು ಬರೆದನು. ಬೊಕ್ಕಸದ ಹಿತವು ವರದಿಯ ಮೇಲೆ ನೆರಳು ಚೆಲ್ಲಿತ್ತೆಂದು ಅಂದೇ ಆಕ್ಷೇಪಗಳು ಬಂದುವು.

ಆಮೇಲೆ ಗಾಳಿಯು ಬದಲಾಯಿತು. ೧೯೦೭ರಲ್ಲಿ ಆದ ಒಪ್ಪಂದದಂತೆ ಚೀನಾ ದೇಶಕ್ಕೆ ಹೋಗುವ ಅಫೀಮನ್ನು ವರ್ಷಕ್ಕೆ ಹತ್ತನೆಯ ಒಂದು ಭಾಗದಂತೆ ಹತ್ತು ವರ್ಷಗಳಲ್ಲಿ ಇಳಿಸಬೇಕೆಂದು ನಿಶ್ಚಯವಾಯಿತು. ೧೯೦೯ರ ಶಾಂಘೈ ಸಭೆ, ೧೯೧೨ರ ಹೇಗ್ ಒಡಂಬಡಿಕೆ, ೧೯೨೫ರ ಜಿನೀವಾ ಒಡಂಬಡಿಕೆಗಳು ಅನುಕ್ರಮವಾಗಿ ನಡೆದುವು. ಸ್ವತಂತ್ರ ಭಾರತದಲ್ಲಿ ೧೯೪೯ರ ಅಖಿಲ ಭಾರತ ಅಫೀಮು ಸಮ್ಮೇಳನವು, ಔಷಧೇತರವಾದ ಸೇವನೆಯನ್ನು ಹತ್ತು ವರ್ಷಗಳಲ್ಲಿ ಕ್ರಮವಾಗಿ ಇಳಿಸಿ ೧೯೫೯ರ ವೇಳೆಗೆ ನಿಲ್ಲಿಸಬೇಕೆಂದು ತೀರ್ಮಾನಿಸಿತು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೪೭ನೆಯ ಅನುಚ್ಛೇದವು ಆರೋಗ್ಯಕ್ಕೆ ಹಾನಿಕರವಾದ ಮಾದಕಗಳ ನಿಷೇಧವನ್ನು ರಾಜ್ಯದ ಪ್ರಯತ್ನವಿಷಯಗಳಲ್ಲಿ ಸೇರಿಸಿತು.

ಇದು ದೇಶವೆಂಬ ಒಂದೇ ರೋಗಿಗೆ ವಿಧಿಸಿದ ಪಾದಾಂಶಿಕಕ್ರಮವೆಂದರೆ ತಪ್ಪಾಗದು. ಆದರೆ ಆ ಶಾಸನಕರ್ತರು ಒಂದು ಅಪವಾದವನ್ನೂ ಇಟ್ಟರು. ಬಿಡಲಾರದಷ್ಟು ಅಭ್ಯಾಸವಾದವರು ವೈದ್ಯರ ಪ್ರಮಾಣಪತ್ರವನ್ನು ಪಡೆದು ಹೆಸರನ್ನು ದಾಖಲಿಸಿಕೊಂಡರೆ, ಅಂಥವರಿಗೆ ಅಳತೆಯ ಅಫೀಮನ್ನು ಸರ್ಕಾರದ ವತಿಯಿಂದಲೇ ಕೊಡತಕ್ಕದ್ದೆಂದು ಏರ್ಪಾಡಾಯಿತು. ಧಾರಣಕ್ರಮವು ಪರದೇಶದಿಂದ ಈಚೆಗೆ ಬಂದ ನೂತನವಸ್ತುವೆಂದು ಭಾವಿಸುವವರು ಈ ದಾಖಲೆಯನ್ನು ನೆನೆಯಬೇಕು. ಹೆಸರಿಲ್ಲದೆ ಅದು ನಮ್ಮ ಶಾಸನದಲ್ಲಿಯೇ ಇತ್ತು.

೧೯೮೦ರ ದಶಕದಲ್ಲಿ ಹೆರಾಯಿನ್ ನಮ್ಮ ನಗರಗಳಿಗೆ ಹರಡಿತು. ೧೯೮೫ರ ಮಾದಕದ್ರವ್ಯಗಳ ಕಾಯಿದೆಯು ದಂಡನೆಯನ್ನು ಮುಖ್ಯವಾಗಿಟ್ಟುಕೊಂಡು ಬಂದಿತು. ೨೦೧೪ರ ತಿದ್ದುಪಡಿಯಲ್ಲಿ ವ್ಯಸನಿಗಳ ಚಿಕಿತ್ಸೆಯನ್ನು ಕುರಿತ ವಿಧಿಗೆ ‘ನಿರ್ವಹಣೆ’ ಎಂಬರ್ಥದ ಪದವು ಹೊಸದಾಗಿ ಸೇರಿತು. ಒಂದು ಪದವಷ್ಟೆ, ಆದರೆ ಗುಣಪಡಿಸುವುದಲ್ಲದೆ ನಿರ್ವಹಿಸುವುದೂ ಚಿಕಿತ್ಸೆಯೆಂದು ಅಂಗೀಕರಿಸಿದಂತಾಯಿತು. ಶಬ್ದಾರ್ಥಗಳಲ್ಲಿ ಬಾಳನ್ನು ಕಳೆದ ನಮಗೆ ಇದರ ಬೆಲೆಯು ತಿಳಿಯದೆ ಹೋಗಬಾರದು.

೫. ಪಶ್ಚಿಮದೇಶಗಳ ಅನುಭವ

ಪಶ್ಚಿಮದಲ್ಲಿಯೂ ಈ ವಿವಾದವು ನೂರು ವರ್ಷಗಳಷ್ಟು ಹಳೆಯದು. ಅಮೆರಿಕೆಯಲ್ಲಿ ೧೯೧೪ರ ಹ್ಯಾರಿಸನ್ ಶಾಸನವಾದ ಮೇಲೆ, ವ್ಯಸನಿಯ ಅಭ್ಯಾಸವನ್ನು ನಡೆಸಿಕೊಂಡು ಹೋಗುವುದಕ್ಕಾಗಿ ಮದ್ದನ್ನು ಬರೆದುಕೊಡುವುದು ವೈದ್ಯವೃತ್ತಿಯೇ ಅಲ್ಲವೆಂದು ಅಲ್ಲಿನ ಪರಮೋಚ್ಚ ನ್ಯಾಯಾಲಯವು ೧೯೧೯ರಲ್ಲಿ ತೀರ್ಪಿತ್ತಿತು. ಹಾಗೆ ಕೊಡುತ್ತಿದ್ದ ಚಿಕಿತ್ಸಾಲಯಗಳು ಕೆಲವೇ ವರ್ಷಗಳಲ್ಲಿ ಮುಚ್ಚಿಹೋದುವು. ಇಂಗ್ಲೆಂಡಿನಲ್ಲಿ ಇದಕ್ಕೆ ವಿರುದ್ಧವಾಗಿ, ೧೯೨೬ರ ರೋಲೆಸ್ಟನ್ ಸಮಿತಿಯು, ಅಲ್ಪಪ್ರಮಾಣದ ಮದ್ದಿನಿಂದ ಉಪಯುಕ್ತವಾದ ಜೀವನವನ್ನು ನಡೆಸುತ್ತ, ಅದು ತಪ್ಪಿದರೆ ನಡೆಸಲಾರದವರಿಗೆ ಅದನ್ನು ಮುಂದುವರಿಸುವುದು ನ್ಯಾಯವಾದ ವೈದ್ಯವೆಂದು ಒಪ್ಪಿತು. ಅಮೆರಿಕೆಯ ಲೆಕ್ಸಿಂಗ್‌ಟನ್ ನಗರದಲ್ಲಿ ೧೯೩೫ರಲ್ಲಿ ತೆರೆದ ದೊಡ್ಡ ಚಿಕಿತ್ಸಾಲಯವು ತ್ಯಾಗಕ್ರಮದ ಮಹಾಪರೀಕ್ಷೆಯಾಯಿತು. ಒಳಗಿದ್ದಾಗ ಬಿಟ್ಟವರಲ್ಲಿ ಬಹುಪಾಲು ಜನರು ಹೊರಗೆ ಹೋದ ಮೇಲೆ ಮತ್ತೆ ಹಿಡಿದರು.

೧೯೬೫ರಲ್ಲಿ ನ್ಯೂಯಾರ್ಕಿನ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಎಂಬ ವೈದ್ಯರು ೨೨ ಮಂದಿ ರೋಗಿಗಳಿಗೆ ಪ್ರತಿದಿನವೂ ಮೆಥಡೋನ್ ಕೊಟ್ಟು ಕಂಡ ಫಲವನ್ನು ಪ್ರಕಟಿಸಿದರು. ಹೆರಾಯಿನ್ ತಲೆಗೆ ಥಟ್ಟನೆ ಏರಿ ಕೆಲವೇ ಗಂಟೆಗಳಲ್ಲಿ ಇಳಿಯುವುದು; ರೋಗಿಯ ದಿನವೆಲ್ಲ ಈ ಏರಿಳಿತದಲ್ಲಿಯೇ ಕಳೆದುಹೋಗುವುದು. ಮೆಥಡೋನಿನ ಪ್ರಭಾವವು ದಿನವಿಡೀ ಸಮವಾಗಿ ನಿಲ್ಲುವುದರಿಂದ ಅಮಲೂ ಇಲ್ಲ, ಬಿಟ್ಟ ಬಾಧೆಯೂ ಇಲ್ಲ. ೧೯೬೬ರಲ್ಲಿ ಸಿದ್ಧವಾದ ಬ್ಯುಪ್ರೆನಾರ್ಫಿನ್ ಇನ್ನೊಂದು ಹೆಜ್ಜೆ ಮುಂದಿನದು. ೧೯೭೩ರಲ್ಲಿ ಮಿದುಳಿನಲ್ಲಿ ಈ ಮದ್ದುಗಳು ಹೋಗಿ ಕೂಡುವ ಗ್ರಾಹಕಸ್ಥಾನಗಳು ಪತ್ತೆಯಾದ ಮೇಲೆ ಇದರ ವರ್ತನೆಯು ವಿಶದವಾಯಿತು: ಇದು ಆ ಸ್ಥಾನವನ್ನು ಬಿಗಿಯಾಗಿ ಹಿಡಿಯುವುದು, ಆದರೆ ಅರ್ಧಮಾತ್ರ ಕೆಲಸಮಾಡುವುದು, ಒಂದು ಮಿತಿಯಾದ ಮೇಲೆ ಪ್ರಮಾಣವನ್ನು ಏರಿಸಿದರೂ ಉಸಿರಾಟವನ್ನು ಕುಗ್ಗಿಸುವ ಗುಣವು ಅದಕ್ಕನುಸಾರವಾಗಿ ಏರುವುದಿಲ್ಲ. ಚುಚ್ಚಿಕೊಳ್ಳುವುದನ್ನು ತಡೆಯಲು ಇದರೊಡನೆ ನಾಲಾಕ್ಸೋನ್ ಎಂಬ ಪ್ರತಿವಿಷವನ್ನು ಬೆರೆಸುವುದೂ ಉಂಟು. ೨೦೦೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮೆಥಡೋನ್, ಬ್ಯುಪ್ರೆನಾರ್ಫಿನ್‌ಗಳನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಎರಡು ಕ್ರಮಗಳನ್ನು ಮುಖಾಮುಖಿಯಾಗಿ ತೂಗಿದ ಪರೀಕ್ಷೆಗಳಲ್ಲಿ ೨೦೦೩ರಲ್ಲಿ ಪ್ರಕಟವಾದ ಸ್ವೀಡನ್ ದೇಶದ್ದು ಮರೆಯಲಾಗದ್ದು. ೪೦ ಮಂದಿ ಹೆರಾಯಿನ್ ರೋಗಿಗಳನ್ನು ಚೀಟಿಯೆತ್ತಿದಂತೆ ಇಬ್ಭಾಗಿಸಿ, ೨೦ ಮಂದಿಗೆ ಒಂದು ವರ್ಷ ಬ್ಯುಪ್ರೆನಾರ್ಫಿನ್ ಕೊಟ್ಟರು. ಉಳಿದ ೨೦ ಮಂದಿಗೆ ಆರು ದಿನಗಳಲ್ಲಿ ಅದನ್ನು ಇಳಿಸಿ ನಿಲ್ಲಿಸಿ, ಆಮೇಲೆ ಔಷಧಗುಣವಿಲ್ಲದ ಮಾತ್ರೆಯನ್ನು ಕೊಟ್ಟರು. ಹಿತೋಪದೇಶ, ಆಪ್ತಸಂವಾದಗಳು ಇಬ್ಬರಿಗೂ ಸಮಾನ. ವರ್ಷಾಂತ್ಯದಲ್ಲಿ ಮೊದಲ ಗುಂಪಿನ ನೂರಕ್ಕೆ ೭೫ ಮಂದಿ ಚಿಕಿತ್ಸೆಯಲ್ಲಿ ನಿಂತಿದ್ದರು. ಎರಡನೆಯ ಗುಂಪಿನಲ್ಲಿ ಒಬ್ಬನೂ ನಿಂತಿರಲಿಲ್ಲ, ನಾಲ್ವರು ಸತ್ತುಹೋಗಿದ್ದರು. ೨೦೧೭ರಲ್ಲಿ ಪ್ರಕಟವಾದ ಒಂದು ಸಂಗ್ರಹವಿಮರ್ಶೆಯು ಒಂದು ಲಕ್ಷಕ್ಕೂ ಮಿಕ್ಕಿದ ರೋಗಿಗಳ ವೃತ್ತಾಂತವನ್ನು ಕೂಡಿಸಿ ನೋಡಿತು. ಸಾವಿರ ಮಂದಿಯನ್ನು ಒಂದು ವರ್ಷ ಗಮನಿಸಿದರೆ, ಮೆಥಡೋನ್ ತೆಗೆದುಕೊಳ್ಳುತ್ತಿರುವಾಗ ಸತ್ತವರು ೧೧.೩, ಬಿಟ್ಟ ಮೇಲೆ ೩೬.೧, ಬ್ಯುಪ್ರೆನಾರ್ಫಿನ್ ತೆಗೆದುಕೊಳ್ಳುತ್ತಿರುವಾಗ ೪.೩, ಬಿಟ್ಟ ಮೇಲೆ ೯.೫. ಚಿಕಿತ್ಸೆಯಲ್ಲಿ ನಿಲ್ಲುವವರು ಸ್ವಭಾವತಃ ಸ್ಥಿರರಾಗಿರಬಹುದೆಂಬ ಶಂಕೆಗೆ ಇಂಥ ಸಂಗ್ರಹದಲ್ಲಿ ಅವಕಾಶವುಂಟು. ಸ್ವೀಡನ್ನಿನ ಪರೀಕ್ಷೆಯಲ್ಲಿ ಆ ಶಂಕೆಗೂ ಎಡೆಯಿಲ್ಲ.

ಕಾರಣವು ಸ್ಪಷ್ಟವಾಗಿದೆ. ದೇಹವು ಮದ್ದಿಗೆ ಸಾತ್ಮ್ಯವಾದಾಗ ದೊಡ್ಡ ಪ್ರಮಾಣವನ್ನು ಸಹಿಸುತ್ತದೆ. ಬಿಟ್ಟ ಕೆಲವೇ ವಾರಗಳಲ್ಲಿ ಈ ಸಹನಶಕ್ತಿಯು ಹೋಗುತ್ತದೆ. ಬಯಕೆಯು ಮಾತ್ರ ಹೋಗುವುದಿಲ್ಲ. ಆಕಳಿಕೆ, ಮೂಗು ಸೋರುವುದು, ರೋಮಾಂಚ, ಅತಿಸಾರ, ಅನಿದ್ರೆಗಳೆಂಬ ಬಿಟ್ಟ ಬಾಧೆಗಳು ಹೆರಾಯಿನ್ನಿನಲ್ಲಿ ಎರಡು ಮೂರು ದಿನಗಳಲ್ಲಿ ಉಲ್ಬಣಿಸಿ ಹತ್ತು ದಿನಗಳೊಳಗೆ ಬಹುಮಟ್ಟಿಗೆ ಅಡಗುತ್ತವೆ. ನೋಡುವವರಿಗೆ ರೋಗವೇ ಹೋದಂತೆ ಕಾಣುವುದು. ಆಗ ಹಳೆಯ ಪ್ರಮಾಣವನ್ನು ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲುವುದು. ಚರಕನು ಧ್ವಂಸಕದ ಪ್ರಸಂಗದಲ್ಲಿ ಹೇಳಿದ ‘ಬಿಟ್ಟವನ ಅಪಾಯ’ವು ಇದೇ ಜಾತಿಯದು.

೬. ನಮ್ಮ ದೇಶ, ನಮ್ಮ ನಗರ

ನಮ್ಮ ದೇಶದಲ್ಲಿ ಬ್ಯುಪ್ರೆನಾರ್ಫಿನ್ನಿನ ಧಾರಣಕ್ರಮವು ೧೯೯೦ರ ದಶಕದಲ್ಲಿ ಆರಂಭವಾಯಿತು. ಸೂಜಿಗಳನ್ನು ಹಂಚಿಕೊಳ್ಳುವುದರಿಂದ ಏಡ್ಸ್ ರೋಗಾಣುವು ಹರಡುತ್ತಿದ್ದುದೇ ಮುಖ್ಯ ಪ್ರೇರಣೆ. ೨೦೦೭ರಲ್ಲಿ ಮೊದಲಾದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೆಯ ಘಟ್ಟದಲ್ಲಿ ಸರ್ಕಾರವು ಇದನ್ನು ಕೈಗೊಂಡಿತು. ೨೦೧೨ರಿ೦ದ ಮೆಥಡೋನ್ ಸಹ ಬಳಕೆಗೆ ಬಂದಿತು. ೨೦೧೯ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ೧೦ರಿಂದ ೭೫ ವರ್ಷದೊಳಗಿನವರಲ್ಲಿ ನೂರಕ್ಕೆ ೨.೧ರಷ್ಟು, ಎಂದರೆ ಸುಮಾರು ೨.೨೬ ಕೋಟಿ ಜನರು ಅಫೀಮಿನ ಜಾತಿಯ ದ್ರವ್ಯಗಳನ್ನು ಬಳಸುವವರು. ಅವರಲ್ಲಿ ಸುಮಾರು ೭೭ ಲಕ್ಷ ಮಂದಿಗೆ ಅದರ ಸಂಬಂಧವಾಗಿ ನೆರವು ಬೇಕಾಗಿತ್ತು. ಔಷಧದ ಅಂಗಡಿಯ ನೋವಿನ ಮದ್ದುಗಳನ್ನು ಹೀಗೆ ಬಳಸುವವರ ಸಂಖ್ಯೆಯು ಹೆರಾಯಿನ್ ಬಳಸುವವರ ಸಂಖ್ಯೆಗೆ ಸಮೀಪದಲ್ಲಿಯೇ ಇದ್ದಿತು. ಇಂಥ ಮಾತ್ರೆಗಳಲ್ಲೊಂದಾದ ಟ್ರಾಮಡಾಲನ್ನು ೨೦೧೮ರಲ್ಲಿ ಮಾದಕದ್ರವ್ಯಗಳ ಕಾಯಿದೆಯ ಕೆಳಗೆ ತರಲಾಯಿತು. ಈ ವ್ಯಾಧಿಯು ದೂರದ ಗಡಿನಾಡುಗಳದೆಂದು ಬಸವನಗುಡಿ, ಮಲ್ಲೇಶ್ವರಗಳ ಗೃಹಸ್ಥರು ನಿಶ್ಚಿಂತರಾಗಿರುವಂತಿಲ್ಲ.

ಬೆಂಗಳೂರಿನ ಚರಿತ್ರೆಯಲ್ಲಿಯೇ ಈ ವಿಚಾರಕ್ಕೆ ಒಂದು ದೃಷ್ಟಾಂತವಿದೆ. ೧೯ನೆಯ ಶತಮಾನದ ಮಧ್ಯಭಾಗದಲ್ಲಿ ಇಲ್ಲಿ ‘ಹುಚ್ಚರ ಆಸ್ಪತ್ರೆ’ಯೆಂಬ ಹೆಸರಿನಿಂದ ಆರಂಭವಾದ ಆಶ್ರಯಸ್ಥಾನವು ೧೯೨೫ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆಯಿತು, ಅದರೊಡನೆ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಗಿ, ಎರಡೂ ೧೯೭೪ರಲ್ಲಿ ಸೇರಿ ನಿಮ್ಹಾನ್ಸ್ ಆಯಿತು. ಈಗ ಅಲ್ಲಿ ವ್ಯಸನಗಳ ಚಿಕಿತ್ಸೆಗೇ ಮೀಸಲಾದ ಕೇಂದ್ರವುಂಟು. ಕೂಡಿಹಾಕುವ ಮನೆಯು ಚಿಕಿತ್ಸೆಯ ಮನೆಯಾದುದಕ್ಕೆ, ಉನ್ಮಾದವನ್ನು ವ್ಯಾಧಿಯೆಂದು ಜನರು ಒಪ್ಪಿದುದೂ ಒಂದು ಕಾರಣ. ಸಂಸ್ಥೆಯ ಹೆಸರು ಮಾರ್ಪಡಲು ಮುಕ್ಕಾಲು ಶತಮಾನ ಬೇಕಾಯಿತು. ‘ಚಟ’ದ ವಿಷಯದಲ್ಲಿ ಅಂಥ ಮಾರ್ಪಾಡು ನಮ್ಮ ಮನೆಗಳೊಳಗೆ ಇನ್ನೂ ಆಗಬೇಕಾಗಿದೆ.

೭. ಆಕ್ಷೇಪ, ಸಮಾಧಾನ

ಧಾರಣಕ್ರಮಕ್ಕೆ ಮೂರು ಆಕ್ಷೇಪಗಳನ್ನು ಹೇಳುವರು. ಒಂದು ಅಮಲನ್ನು ಬಿಡಿಸಿ ಇನ್ನೊಂದು ಅಮಲನ್ನು ಹಿಡಿಸಿದಂತಾಯಿತೆಂಬುದು ಮೊದಲನೆಯದು. ಅಮಲೆಂಬುದು ಅಧಿಕಾರವೆಂದು ಮೇಲೆ ನೋಡಿದೆವು. ತಕ್ಕ ಪ್ರಮಾಣದ ಔಷಧವು ರೋಗಿಯ ಬುದ್ಧಿಯ ಮೇಲೆ ಅಧಿಕಾರ ನಡೆಸುವುದಿಲ್ಲ. ಅವನ ಅಧಿಕಾರವನ್ನು ಅವನಿಗೆ ಮರಳಿ ಕೊಡುತ್ತದೆ. ದೇಹವು ಔಷಧಕ್ಕೆ ಒಗ್ಗಿರುವುದು ನಿಜ. ಒಗ್ಗುವಿಕೆ ಬೇರೆ, ವ್ಯಸನ ಬೇರೆ. ಮಧುಮೇಹಿಯು ದಿನವೂ ಔಷಧವನ್ನು ತೆಗೆದುಕೊಂಡರೆ ಅವನನ್ನು ವ್ಯಸನಿಯೆನ್ನುವುದಿಲ್ಲ.

ಔಷಧವೇ ಕಳ್ಳಸಂತೆಗೆ ಹೋಗಬಹುದೆಂಬುದು ಎರಡನೆಯದು. ಇದು ನಿರಾಧಾರವಲ್ಲ, ಆದುದರಿಂದಲೇ ವೈದ್ಯರ ಎದುರಿನಲ್ಲಿ ಸೇವನೆ, ನಾಲಾಕ್ಸೋನಿನ ಬೆರಕೆ ಮುಂತಾದ ನಿಬಂಧನೆಗಳಿವೆ. ಔಷಧದಲ್ಲಿಯೂ ದೋಷಗಳುಂಟು: ಮಲಬದ್ಧತೆ, ಬೆವರು, ಮದ್ಯದೊಡನೆಯೂ ನಿದ್ರೆಯ ಮಾತ್ರೆಗಳೊಡನೆಯೂ ಸೇರಿದರೆ ಪ್ರಾಣಾಪಾಯ, ಮೆಥಡೋನಿನಲ್ಲಿ ಆರಂಭದ ವಾರಗಳಲ್ಲಿ ವಿಶೇಷ ಜಾಗರೂಕತೆ ಬೇಕು.

ಇದಕ್ಕೆ ಕೊನೆಯೆಂದು ಎಂಬುದು ಮೂರನೆಯದು. ಕೆಲವರಿಗೆ ವರ್ಷಗಳಾದ ಮೇಲೆ, ಬಾಳು ನೆಲೆಗೊಂಡ ಮೇಲೆ, ವೈದ್ಯರ ಸಮ್ಮತಿಯಿಂದ ಬಹು ನಿಧಾನವಾಗಿ ಇಳಿಸಿ ಬಿಡುವುದು ಸಾಧ್ಯ; ಕೆಲವರಿಗೆ ಕೊನೆಯವರೆಗೂ ಬೇಕು. ಇದನ್ನು ಮೊದಲೇ ದಿನವಿಟ್ಟು ನಿಶ್ಚಯಿಸತಕ್ಕದ್ದಲ್ಲ.

ತ್ಯಾಗಕ್ರಮವು ನಿರರ್ಥಕವೆಂದು ಇದರಿಂದ ತಿಳಿಯಬಾರದು. ಅಭ್ಯಾಸವು ಅಲ್ಪಕಾಲದ್ದಾಗಿದ್ದು, ಸಂಸಾರದ ಆಸರೆಯಿದ್ದು, ಸ್ವಇಚ್ಛೆಯಿಂದ ಬಿಡಬಯಸುವವನಿಗೆ ಅದು ಯುಕ್ತವಾಗಬಹುದು. ಆದರೆ ಅದು ಚಿಕಿತ್ಸೆಯ ಮೊದಲ ಮೆಟ್ಟಿಲೇ ಹೊರತು ಚಿಕಿತ್ಸೆಯೇ ಅಲ್ಲ. ಬಿಟ್ಟ ಮೇಲೆ ಮದ್ದಿನ ಪ್ರಭಾವವನ್ನು ತಡೆಯುವ ನಾಲ್ಟ್ರೆಕ್ಸೋನ್, ನಿರಂತರವಾದ ಸಂಪರ್ಕ, ಮಾಡಲು ಕೆಲಸ, ಮರುಕಳಿಸಿದರೆ ನಾಚದೆ ಹಿಂದಿರುಗುವ ದಾರಿ ಇವು ಇರಲೇಬೇಕು. ಚರಕನು ಹೇಳಿದ ‘ಹಿತದ ಏರಿಕೆ’ಯು ಇದೇ. ಗರ್ಭಿಣಿಯರಿಗಂತೂ ತ್ಯಾಗಕ್ಕಿಂತ ಧಾರಣವನ್ನೇ ವಿಶ್ವ ಆರೋಗ್ಯ ಸಂಸ್ಥೆಯು ೨೦೧೪ರಲ್ಲಿ ವಿಧಿಸಿದೆ. ದೀರ್ಘಕಾಲದ ವ್ಯಸನದಲ್ಲಿ, ವಿಶೇಷವಾಗಿ ಚುಚ್ಚಿಕೊಳ್ಳುವವರಲ್ಲಿ, ಪ್ರತ್ಯಕ್ಷಪ್ರಮಾಣವು ಧಾರಣಕ್ರಮದ ಕಡೆಗೇ ಇದೆ. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಇದನ್ನು ಯಾಪ್ಯವೆಂದು ತಿಳಿದು ನಡೆಯುವುದೇ ಕ್ಷೇಮ. ಸಾಧ್ಯವಾದರೆ ಅದು ಲಾಭ.

೮. ಉಪಸಂಹಾರ

ಇನ್ನು ಗೃಹಸ್ಥರ ಪ್ರಶ್ನೆಯೊಂದು ಉಳಿದಿದೆ. ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರನು ವ್ರತವನ್ನು ಕೆಡಿಸದ ಎಂಟು ವಸ್ತುಗಳನ್ನು ಎಣಿಸುವನು: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ. ಇದು ಬಾಲ್ಯದಿಂದ ನನಗೆ ಕಂಠಸ್ಥವಾಗಿದ್ದ ಶ್ಲೋಕ. ಅಂದು ಅದು ನೆನಪಿಗೆ ಬರಲಿಲ್ಲ. ಏಕೆಂದರೆ ಹುಡುಗನು ತೆಗೆದುಕೊಳ್ಳುತ್ತಿದ್ದುದು ಔಷಧವೆಂದೇ ನನಗೆ ತೋರಿರಲಿಲ್ಲ. ಶ್ಲೋಕವನ್ನು ಬಲ್ಲೆನಾದರೂ ಶಬ್ದವನ್ನು ತಪ್ಪಾಗಿ ಅನ್ವಯಿಸಿದೆನು.

ಆಸ್ಪತ್ರೆಯಿಂದ ಬಂದ ಮೇಲೆ ಅವನು ವೈದ್ಯರ ಬಳಿಗೆ ಹೋಗಿ ಮಾತ್ರೆಯನ್ನು ಮತ್ತೆ ಆರಂಭಿಸಿದನು. ನಾನು ಅವರ ಮನೆಗೆ ಹೋಗಿ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡು, ಔಷಧವು ಕರ್ಮಾಧಿಕಾರಕ್ಕೆ ಬಾಧಕವಲ್ಲವೆಂದು ಹಿರಿಯರ ಮುಂದೆ ಹೇಳಿದೆನು. ಮರುವರ್ಷದ ಆಬ್ದಿಕದಂದು ಅವನು ಬೆಳಗ್ಗೆ ಮಾತ್ರೆಯನ್ನು ತೆಗೆದುಕೊಂಡು, ಮಿಂದು, ಮಡಿಯುಟ್ಟು ಬಂದು ಪಿಂಡಪ್ರದಾನವನ್ನು ಮಾಡಿದನು. ಅನಂತರವೂ ವರ್ಷವರ್ಷವೂ ಮಾಡುತ್ತಿರುವನು.

ಇಂಥ ಪ್ರಶ್ನೆಗಳನ್ನು ಹೊತ್ತುಕೊಂಡು ಜನರು ವೈದ್ಯರ ಬಳಿಗೆ ಹೋಗುವುದಕ್ಕಿಂತ ಮೊದಲು ಉಪಾಧ್ಯಾಯರ, ಪಂಡಿತರ, ಪುರೋಹಿತರ ಬಳಿಗೆ ಬರುವುದು ನಮ್ಮ ನಾಡಿನಲ್ಲಿ ಇಂದಿಗೂ ಉಂಟು. ಬಂದವರಿಗೆ ಒಂದೇ ವಾಕ್ಯವನ್ನು ಹೇಳಿ ಕಳುಹಿಸಬಾರದೆಂದೂ, ‘ವೈದ್ಯರನ್ನು ಕೇಳದೆ ಬಿಡಬೇಡ’ ಎಂಬುದನ್ನು ಮೊದಲು ಹೇಳಬೇಕೆಂದೂ ನನ್ನ ಸಹವೃತ್ತಿಗಳಲ್ಲಿ ವಿಜ್ಞಾಪಿಸಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.